ಲೈಸೆನ್ಸು ಮತ್ತು ಕಲ್ಲುಸಕ್ಕರೆ

ಹೋದ ತಿಂಗಳು ಇಲ್ಲಿ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ, ನಮ್ಮ ಬೀದಿಯವರೇ ಒಬ್ಬರ ಗೃಹಪ್ರವೇಶವಿತ್ತು. ಪೂಜೆ ಮುಗಿಸಿ ಮನೆಯಾಕೆ ಪ್ರಸಾದ ಹಂಚುತ್ತ ಬಂದರು. ಕಲ್ಲುಸಕ್ಕರೆ, ಒಣದ್ರಾಕ್ಷಿ, ಮೇಲೆ ಒಂದು ಚಿಟಿಕೆ ಪಚ್ಚಕರ್ಪೂರ. ಆ ಕರ್ಪೂರದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಗಳು ನನ್ನನ್ನು ಕೇಳದೆ ತಮ್ಮ ಕೆಲಸ ಮಾಡಿಬಿಟ್ಟವು. ಅಂಗೈಗೆ ಅಂಗೈ ಒಮ್ಮೆ ತಟ್ಟಿ, ಬೆರಳು ಅಗಲಿಸಿ, ಕೈ ಮಗುಚಿ, ಮತ್ತೆ ಮಗುಚಿ ಚಾವಣಿಗೆ ತೋರಿಸಿದವು. ಆಮೇಲಷ್ಟೇ ಬಲಗೈ ಪ್ರಸಾದಕ್ಕೆ ಮುಂದೆ ಹೋಯಿತು.

“ಯಾಕ್ರೀ ವಿನುತಾ, ಕೈ ಹಂಗ್ ಮಾಡಿದ್ರಿ? ಏನಾದ್ರೂ ಶಾಸ್ತ್ರಾನಾ?” ಎಂದು ಆಕೆ ಕೇಳಿದರು.

“ಹ್ಞೂಂ, ನಮ್ಮ ಕಡೆ ಶಾಸ್ತ್ರ,” ಎಂದೆ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ಇಂಚರ ತುಟಿ ಕಚ್ಚಿ ನಗು ತಡೆದುಕೊಂಡಳು. ಆ ಶಾಸ್ತ್ರ ಯಾವ ಮಠದ್ದೂ ಅಲ್ಲ, ಅಡಿಲೇಡಿನ ಕ್ಯಾಸಿನೋದ್ದು ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಕೆಲವು ವರ್ಷಗಳ ಹಿಂದಿನ ಆ ಚಳಿಗಾಲವನ್ನು ನಾನು ಸುಲಭಕ್ಕೆ ನೆನೆಯುವುದಿಲ್ಲ. ಆಗ ನನ್ನ ಗಂಡ ಸತೀಶನ ಕಂಪನಿ ಇದ್ದಕ್ಕಿದ್ದ ಹಾಗೆ ಅಡಿಲೇಡಿನ ಕೆಲಸ ನಿಲ್ಲಿಸಿತ್ತು. ಎಂಜಿನಿಯರ್ ಸಾಹೇಬ ಸಿಕ್ಕಿದ ತಾತ್ಕಾಲಿಕ ಕೆಲಸ ಹಿಡಿದು ದೇಶದ ಆ ತುದಿಗೆ, ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಬಂದರಿಗೆ ಹೋಗಿದ್ದ. ನಾನೂ ಇಂಚರಳೂ ಅಡಿಲೇಡಿನಲ್ಲೇ ಉಳಿದೆವು. ನಾವು ಈ ದೇಶದಲ್ಲಿ ಕಾಯಂ ಆಗಿ ಇರಲು ಕೊಟ್ಟಿದ್ದ ಪಿ.ಆರ್. ಅರ್ಜಿ ಆ ರಾಜ್ಯದ ಕಡೆಯಿಂದ ಹೋಗಿತ್ತು, ಒಬ್ಬರಾದರೂ ಅಲ್ಲೇ ಇದ್ದು ದುಡಿಯಬೇಕಿತ್ತು. ನನಗೆ ಸಿಕ್ಕಿದ ಕೆಲಸ ಒಂದೇ. ಕ್ಯಾಸಿನೋದಲ್ಲಿ ಡೀಲರ್, ಅಂದರೆ ಆಟದ ಮೇಜಿನ ಹಿಂದೆ ನಿಂತು ಆಟ ನಡೆಸುವವಳು.

ಮೈಸೂರಿನ ನಮ್ಮ ಮನೆಯಲ್ಲಿ ಇಸ್ಪೀಟು ಎಲೆ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಮದುವೆ ಛತ್ರಗಳಲ್ಲಿ ಸೋದರಮಾವಂದಿರು ಜಮಖಾನೆ ಹಾಸಿ ಕೂತಾಗ ಅವರ ಬೆನ್ನ ಹಿಂದೆ ನಿಂತು ಎಲೆ ಕಲಸುವುದನ್ನು ಕಲಿತಿದ್ದೆ. ಆ ವಿದ್ಯೆಯೇ ಅನ್ನಕ್ಕೆ ದಾರಿಯಾಯಿತಲ್ಲ ಎಂದು ನಗು ಬರುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ “ಹೋಟೆಲಿನಲ್ಲಿ ಕೆಲಸ” ಎಂದಿದ್ದೆ. ಅದೇನೂ ಪೂರ್ತಿ ಸುಳ್ಳಲ್ಲ, ಮೇಲಿನ ಅಂತಸ್ತುಗಳಲ್ಲಿ ಹೋಟೆಲು ಇತ್ತು.

ಕೆಲಸ ಕೊಟ್ಟವರು ಕ್ಯಾಸಿನೋದವರು. ಆದರೆ ಮೇಜು ಮುಟ್ಟಲು ಅಪ್ಪಣೆ ಕೊಡಬೇಕಾದವರು ಸರಕಾರದ ಲೈಸೆನ್ಸ್ ಕಚೇರಿಯವರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಕಥೆ. ಹತ್ತೂ ಬೆರಳಿನ ಗುರುತು ಗಾಜಿನ ಮೇಲೆ ಒತ್ತಿಸಿಕೊಂಡರು. ಹಿಂದೆ ಯಾವ ಯಾವ ಮನೆಯಲ್ಲಿದ್ದೆ, ಯಾರ ಜೊತೆ ಇದ್ದೆ, ಸಾಲವಿದೆಯೆ, ಮನೆಯಲ್ಲಿ ಜೂಜಾಡುವವರು ಇದ್ದಾರೆಯೆ, ಎಲ್ಲ ಕೇಳಿದರು. ಮೈಸೂರಿನ ಪೊಲೀಸರಿಂದ ಸರ್ಟಿಫಿಕೇಟು ತರಿಸಿದರು. ನನ್ನ ಮದುವೆಯ ಹೊತ್ತಿಗೆ ಸತೀಶನ ಮನೆಯವರೂ ನನ್ನ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ, ನನ್ನ ನಡತೆ ಒಳ್ಳೆಯದು ಎಂದು ಹೇಳಲು ಇಬ್ಬರು ಗಣ್ಯರ ಹೆಸರು ಬೇಕು ಎಂದರು.

ನನಗೆ ಗೊತ್ತಿದ್ದ ಗಣ್ಯರೆಂದರೆ ಗ್ಲೆನೆಲ್ಗ್‌ನ ಡಾಕ್ಟರ್ ಮುರಳಿ. ನಮ್ಮ ಕನ್ನಡದವರ ಗುಂಪಿಗೆ ಯಜಮಾನರಿದ್ದ ಹಾಗೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದೊಡ್ಡ ಡಾಕ್ಟರು. ಟ್ರ್ಯಾಮ್ ಹತ್ತಿ ಸಮುದ್ರದ ಪಕ್ಕದ ಅವರ ಅಪಾರ್ಟ್‌ಮೆಂಟಿಗೆ ಹೋದೆ. ವಿಷಯ ಕೇಳಿ ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಒರೆಸುವುದು ಮುಗಿಯುವ ಮೊದಲೇ ಉತ್ತರ ಏನೆಂದು ಗೊತ್ತಾಗಿತ್ತು.

“ತಪ್ಪು ತಿಳ್ಕೋಬೇಡಿ ವಿನುತಾ. ನಿಮ್ಮ ಬಗ್ಗೆ ಏನೂ ಇಲ್ಲ. ಕ್ಯಾಸಿನೋ ಫೈಲ್‌ನಲ್ಲಿ ನನ್ನ ಹೆಸರು ಇರೋದು ನಂಗೆ ಇಷ್ಟ ಇಲ್ಲ.”

ಮಾತು ಅಲ್ಲಿಗೆ ಮುಗಿಯಿತು. ಆದರೆ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ನಿಂತಿದ್ದ ಅವರ ತಾಯಿ ನಾಗರತ್ನ ಆಂಟಿ ಎಲ್ಲ ಕೇಳಿಸಿಕೊಂಡಿದ್ದರು. ಮಗನ ಜೊತೆ ಇರಲು ಮೈಸೂರಿನ ಅಗ್ರಹಾರದಿಂದ ಬಂದಿದ್ದ ಹೆಂಗಸು. ಎಪ್ಪತ್ತು ದಾಟಿತ್ತು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ಮೇಲೆ ಕಂದು ಸ್ವೆಟರು. ಲಿಫ್ಟಿನವರೆಗೂ ನನ್ನ ಹಿಂದೆ ಬಂದರು.

“ಅಲ್ವೇ, ಅಲ್ಲಿ ಒಂದು ಚಕ್ರ ತಿರುಗುತ್ತಂತಲ್ಲ, ಗೋಲಿ ಹಾಕ್ತಾರಂತೆ? ಅದು ನಮ್ಮ ಚೌಕಾಬಾರದ ಥರಾನಾ?”

“ಅಷ್ಟು ಬುದ್ಧಿ ಬೇಕಾಗಲ್ಲ ಆಂಟಿ,” ಎಂದೆ.

“ಹಂಗಾದ್ರೆ ಗಂಡಸರ ಆಟ,” ಎಂದು ಅವರು ಲಿಫ್ಟಿನ ಗುಂಡಿ ಒತ್ತಿದರು.

ಕೊನೆಗೆ ಇಂಚರಳ ಟೀಚರು, ನಮ್ಮ ಮನೆಯ ಓನರು ಇಬ್ಬರೂ ಹೆಸರು ಕೊಟ್ಟರು. ನನಗೆ ತಾತ್ಕಾಲಿಕ ಲೈಸೆನ್ಸು ಬಂತು. ಫೋಟೋ ಇರುವ ಕಾರ್ಡು, ಕೆಲಸದುದ್ದಕ್ಕೂ ಎದೆಯ ಮೇಲೆ ಕಾಣಬೇಕು. ಪೂರ್ತಿ ಲೈಸೆನ್ಸು ಬರುವವರೆಗೆ ಅದು ಗಾಳಿಯಲ್ಲಿಟ್ಟ ದೀಪ, ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ಕೆಲಸ ಹೋಗುವುದು ಒಂದು ಮಾತು. ಅಪ್ರಾಮಾಣಿಕತೆ ಎಂಬ ಷರಾ ಬರೆದು ಕಿತ್ತುಕೊಂಡರೆ, ಅದು ನೇರವಾಗಿ ನಮ್ಮ ಪಿ.ಆರ್. ಅರ್ಜಿಯ ನಡತೆಯ ಕಾಲಮ್ಮಿಗೆ ಹೋಗಿ ಕೂರುತ್ತಿತ್ತು. ಆಮೇಲೆ ಮೂವರೂ ಗಂಟುಮೂಟೆ ಕಟ್ಟಬೇಕಾದದ್ದೇ.

ಮೇಜಿನ ಕಾನೂನುಗಳು ಮಡಿಗಿಂತ ಕಟ್ಟುನಿಟ್ಟು. ಸಮವಸ್ತ್ರಕ್ಕೆ ಜೇಬಿಲ್ಲ. ಮೂಗು ತುರಿಸಿದರೆ ಸಹಿಸಿಕೊಳ್ಳಬೇಕು, ಕೈ ಮುಖಕ್ಕೆ ಹೋಗಬಾರದು. ಆಟಗಾರರ ಕೈಯಿಂದ ಟಿಪ್ಸ್ ಇರಲಿ, ಒಂದು ಚೂಯಿಂಗ್ ಗಮ್ ಕೂಡ ತೆಗೆದುಕೊಳ್ಳಬಾರದು. ಮೇಜಿನಿಂದ ಕೈ ತೆಗೆಯುವ ಮುನ್ನ ಚಪ್ಪಾಳೆ ತಟ್ಟಿ, ಅಂಗೈ ಹಿಂದೆ ಮುಂದೆ ಮಾಡಿ, ಕೈಯಲ್ಲಿ ಏನೂ ಇಲ್ಲವೆಂದು ಮೇಲಿನ ಕ್ಯಾಮೆರಾಗಳಿಗೆ ತೋರಿಸಬೇಕು. ನಮ್ಮ ಸೂಪರ್‌ವೈಸರ್ ಶ್ಯಾರನ್, ಬೆಳ್ಳಿಕೂದಲಿನ ಎತ್ತರದ ಹೆಂಗಸು, ಮೊದಲ ದಿನವೇ ಹೇಳಿದ್ದಳು: ಕೆಳಗೆ ನಾನು ನಿನ್ನನ್ನು ನಂಬುತ್ತೇನೆ, ಮೇಲಿನವರು ಯಾರನ್ನೂ ನಂಬುವುದಿಲ್ಲ.

ಚಳಿ ಏರಿದ ಹಾಗೆ ನಾಗರತ್ನ ಆಂಟಿ ಬರತೊಡಗಿದರು. ಮಧ್ಯಾಹ್ನದ ಟ್ರ್ಯಾಮಿನಲ್ಲಿ ಬಂದು, ಕೊಡೆ ಮಡಿಸಿ, ಚಕ್ರ ತಿರುಗುವ ನನ್ನ ರೌಲೆಟ್ ಮೇಜಿನ ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದರು. ಪರಿಚಯದವರು ಎಂದು ಶ್ಯಾರನ್‌ಗೆ ಮೊದಲೇ ಹೇಳಿದೆ. ಸಂಬಂಧಿಕರಲ್ಲದಿದ್ದರೆ ಪರವಾಗಿಲ್ಲ ಎಂದಳು. ಆಂಟಿ ಆಡುತ್ತಿದ್ದದ್ದು ತರಕಾರಿ ಕೊಂಡು ಉಳಿದ ಚಿಲ್ಲರೆಯಷ್ಟು. ಅದನ್ನೇ ಜಗಿದು ಜಗಿದು ಒಂದು ಮಧ್ಯಾಹ್ನ ಮಾಡುತ್ತಿದ್ದರು. ಗೋಲಿ ಬೇರೆ ಮನೆಯಲ್ಲಿ ಬಿದ್ದರೆ “ಮುಂಡೇದು, ಕಣ್ಣು ಕಾಣಲ್ವಾ ನಿಂಗೆ?” ಎಂದು ಗೋಲಿಯನ್ನೇ ಬೈಯುತ್ತಿದ್ದರು. ಪಕ್ಕದಲ್ಲಿ ಕೂತ ಗ್ರೀಕ್ ಮುದುಕ, ಚೀನಾದ ಮುದುಕಿ ಎಲ್ಲ ನಗುತ್ತಿದ್ದರು. ಮೈಸೂರಿನಲ್ಲಿ ಚೌಕಾಬಾರಕ್ಕೆ ಕೂತರೆ ಇಡೀ ಬೀದಿಯ ಹೆಂಗಸರನ್ನು ಸೋಲಿಸುತ್ತಿದ್ದವರಂತೆ. ಇಲ್ಲಿ ಇಡೀ ದಿನ ಆ ಅಪಾರ್ಟ್‌ಮೆಂಟಿನಲ್ಲಿ ಬೈಯಲು ಒಂದು ಕವಡೆಯೂ ಇರಲಿಲ್ಲ. ಅವರು ಬಂದ ದಿನ ನನಗೂ ಹೊತ್ತು ಹೋಗುತ್ತಿತ್ತು. ಆ ದೊಡ್ಡ ಹಾಲಿನಲ್ಲಿ ನನ್ನ ಭಾಷೆಯ ಬೈಗುಳ ಕೇಳಿದರೆ ಎಂಥದೋ ಧೈರ್ಯ.

ಆಷಾಢ ಶುಕ್ರವಾರ ಬಂತು. ಮೈಸೂರಿನಿಂದ ಬಂದವರಾರೋ ಚಾಮುಂಡಿಬೆಟ್ಟದ ಪ್ರಸಾದ ತಂದಿದ್ದರಂತೆ. ಆ ಮಧ್ಯಾಹ್ನ ಆಂಟಿಗೆ ಅಪರೂಪಕ್ಕೆ ಗೆಲುವು. ದುಡ್ಡಿನ ಬದಲು ಅಲ್ಲಿ ನಡೆಯುವ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಅವರ ಗೆಲುವನ್ನು ಅವರ ಮುಂದೆ ತಳ್ಳಿದೆ. ಅಷ್ಟರಲ್ಲಿ ನನ್ನನ್ನು ಬಿಡಿಸಲು ಇನ್ನೊಬ್ಬ ಡೀಲರ್ ಬಂದು ಭುಜ ತಟ್ಟಿದ. ನಾನಿನ್ನೂ ಕೈ ತಟ್ಟಿ ತೋರಿಸಿರಲಿಲ್ಲ. ಆಂಟಿ ಮೇಜಿನ ಮೇಲೆ ಬಾಗಿ, “ತಗೋ, ತಾಯಿ ಪ್ರಸಾದ,” ಎಂದು ನನ್ನ ಬಲಗೈಯಲ್ಲಿ ಏನೋ ಇಟ್ಟರು. ಪಚ್ಚಕರ್ಪೂರದ ವಾಸನೆ ಬಂತು. ಕೈ ತಾನೇ ಮುಚ್ಚಿಕೊಂಡಿತು. ಎಡಗಣ್ಣಿಗೆ, ಬಲಗಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ.

ಕಲ್ಲುಸಕ್ಕರೆ ಇನ್ನೂ ನಾಲಿಗೆಯ ಮೇಲಿತ್ತು. ಒಬ್ಬ ಸೆಕ್ಯುರಿಟಿಯವನು ನನ್ನ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಬಂದು ನಿಂತರು. ನಡುವೆ ಶ್ಯಾರನ್ ನನ್ನ ಮುಖ ನೋಡದೆ, “ಬಾ, ಆಫೀಸಿಗೆ ಹೋಗೋಣ,” ಎಂದಳು.

ಚಾವಣಿಯ ಕ್ಯಾಮೆರಾ ತೆಗೆದ ವಿಡಿಯೋ ಚಿತ್ರವನ್ನು ನನಗೆ ತೋರಿಸಿದ್ದು ಲೈಸೆನ್ಸ್ ಕಚೇರಿಯ ಅಧಿಕಾರಿ. ಐವತ್ತರ ಸುಮಾರಿನ, ಗಟ್ಟಿಯಾಗಿ ಮಾತಾಡದ ಮನುಷ್ಯ. ಜೋರು ಮಾಡಿದ್ದರೆ ನಾನೂ ಜೋರು ಮಾಡಬಹುದಿತ್ತು. ಚಿತ್ರದಲ್ಲಿ ನನ್ನ ಬೈತಲೆ, ಆಂಟಿಯ ಬಳೆ, ಹಸಿರು ಮೇಜು. ಡೀಲರ್ ಗೆಲುವು ಕೊಡುತ್ತಾಳೆ. ಆಟಗಾರ್ತಿ ಬಾಗಿ ಡೀಲರಿನ ಮುಷ್ಟಿಗೆ ಏನೋ ಸೇರಿಸುತ್ತಾಳೆ. ಮುಷ್ಟಿ ಮುಖಕ್ಕೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ನೋಡುತ್ತ ನೋಡುತ್ತ ನನಗೇ ಆ ಹೆಂಗಸಿನ ಮೇಲೆ ಅನುಮಾನ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತುಟಿ ಒರೆಸಿಕೊಂಡೆ.

“ಕೈಯಲ್ಲಿ ಏನಿತ್ತು?” ಎಂದು ಕೇಳಿದರು.

“ಸಕ್ಕರೆ.”

“ಪುಡಿಯೆ?”

“ಅಲ್ಲ, ಹರಳು. ಬಿಳೀ ಹರಳು.”

ಹೇಳಿದ ಮೇಲೆ ನನಗೆ ಹೊಳೆಯಿತು. ಈ ದೇಶದಲ್ಲಿ ‘ಐಸ್’ ಎಂದು ಕರೆಯುವ ಮಾದಕದ್ರವ್ಯವೂ ಬಿಳೀ ಹರಳೇ. ದಿನ ಬೆಳಗಾದರೆ ಟಿವಿಯಲ್ಲಿ ಅದರದ್ದೇ ಸುದ್ದಿ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಮಜ್ಜಿಗೆ ಕುಡಿದದ್ದಲ್ಲದೆ ಲೋಟವನ್ನೂ ನುಂಗಿಬಿಟ್ಟಿದ್ದೆ. ತೋರಿಸಲು ಒಂದು ಚೂರೂ ಉಳಿದಿರಲಿಲ್ಲ.

ಅಧಿಕಾರಿ ತಾಳ್ಮೆಯಿಂದಲೇ ಕೇಳುತ್ತ ಹೋದರು. ಕಣ್ಣಿಗೆ ಯಾಕೆ ಒತ್ತಿಕೊಂಡೆ? ದೇವರದ್ದು, ಅದಕ್ಕೆ. ಬೇಡ ಎನ್ನಬಹುದಿತ್ತಲ್ಲ? ಪ್ರಸಾದ ಬೇಡ ಎನ್ನುವುದಿಲ್ಲ. ಬದಿಗಿಟ್ಟು ಆಮೇಲೆ ತಿನ್ನಬಹುದಿತ್ತಲ್ಲ? ಅಲ್ಲಿ ನನ್ನ ಸಿಟ್ಟು ಮೇಲೆ ಬಂತು.

“ಎಲ್ಲಿಡಲಿ ಸರ್? ಮೇಜಿನ ಮೇಲೆ ಇಡುವಂತಿಲ್ಲ, ಅದು ನಿಮ್ಮ ಕಾನೂನು. ನೆಲಕ್ಕೆ ಹಾಕುವಂತಿಲ್ಲ, ಅದು ನಮ್ಮ ಕಾನೂನು. ಜೇಬು ನೀವೇ ಕಿತ್ತು ಹಾಕಿದ್ದೀರಿ. ಉಳಿದದ್ದು ಬಾಯಿ ಒಂದೇ.”

ಅವರು ಅದನ್ನು ಬರೆದುಕೊಂಡರು. ನಗಲಿಲ್ಲ. ಬದಲಿಗೆ ಚಿತ್ರದ ಜೊತೆ ದಾಖಲಾದ ಧ್ವನಿ ಕೇಳಿಸಿ, ನೀನು ಅವರನ್ನು ಆಂಟಿ ಎಂದು ಕರೆದಿದ್ದೀಯ, ಸಂಬಂಧಿಕರಲ್ಲ ಎಂದು ಸೂಪರ್‌ವೈಸರ್‌ಗೆ ಹೇಳಿದ್ದೀಯ, ಯಾವುದು ನಿಜ ಎಂದರು. ನಮ್ಮಲ್ಲಿ ವಯಸ್ಸಾದವರೆಲ್ಲ ಆಂಟಿಯರೇ ಎಂದು ವಿವರಿಸಿದೆ.

ಅದೇ ದಿನ ಮೂತ್ರಪರೀಕ್ಷೆ ಮಾಡಿಸಿದರು. ಬಾಗಿಲ ಹೊರಗೆ ಒಬ್ಬಳನ್ನು ನಿಲ್ಲಿಸಿ ಕೈಗೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಆ ಅವಮಾನವನ್ನು ಇಲ್ಲಿ ಬರೆಯುವುದಕ್ಕೂ ಬೇಸರ. ಮಾದಕದ್ರವ್ಯ ಇಲ್ಲವೆಂದು ಬಂತು. ಆದರೆ ಬಾಯಿಗೆ ಹೋದದ್ದು ಬಿಲ್ಲೆಯೂ ಆಗಿರಬಹುದಲ್ಲ ಎಂಬ ಪ್ರಶ್ನೆ ಹಾಗೇ ಉಳಿಯಿತು. ನನ್ನ ಕಾರ್ಡು ತೆಗೆದುಕೊಂಡರು. ಪ್ರಸಾದ ಕೊಟ್ಟ ಆ ಹೆಂಗಸು ತಾನಾಗಿ ಬಂದು ಹೇಳಿಕೆ ಕೊಡಬೇಕು, ಕರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಏನು ನಡೆಯಿತು ಎಂದು ಅವರ ಜೊತೆ ಚರ್ಚಿಸಬಾರದು ಎಂದರು.

ರಾತ್ರಿ ಸತೀಶನಿಗೆ ಫೋನ್ ಮಾಡಿದೆ. ಆ ಕಡೆ ಬಂದರಿನ ಕ್ರೇನುಗಳ ಸದ್ದು. “ಪಿ.ಆರ್.ಗೆ ತೊಂದ್ರೆ ಆಗುತ್ತಾ ವಿನು?” ಎಂದ. ಅವನು ಕೇಳಿದ್ದು ತಪ್ಪಲ್ಲ, ನನ್ನ ತಲೆಯಲ್ಲಿದ್ದದ್ದೂ ಅದೇ. ಆದರೂ ಮೊದಲು ‘ನೀನು ಊಟ ಮಾಡಿದೆಯಾ’ ಎಂದು ಕೇಳಬಾರದಿತ್ತೇ ಎಂದು ಅಳು ಬಂತು. ಇಂಚರ ಬಂದು ಪಕ್ಕದಲ್ಲಿ ಕೂತಳು. “ಆರ್ ವೀ ಗೋಯಿಂಗ್ ಬ್ಯಾಕ್, ಮಮ್?” ಎಂದಳು. ಅವಳಿಗೆ ಹಿಂತಿರುಗಿ ಹೋಗಲು ಯಾವ ಊರೂ ಇರಲಿಲ್ಲ, ಮೈಸೂರು ಅವಳಿಗೆ ರಜೆಯ ಊರು.

ಭಾನುವಾರ ಗ್ಲೆನೆಲ್ಗ್‌ಗೆ ಹೋದೆ. ಜೆಟ್ಟಿಯ ಕಡೆಯಿಂದ ಮುಖ ಸೀಳುವಂಥ ಗಾಳಿ. ಬಾಗಿಲು ತೆಗೆದವರು ಡಾಕ್ಟರ್ ಮುರಳಿ. ಲೈಸೆನ್ಸ್ ಕಚೇರಿಯವರು ಆಂಟಿಯನ್ನು ಮಾತಾಡಿಸಬೇಕಂತೆ ಎಂದೆ.

“ಅಮ್ಮನ್ನ? ಅಮ್ಮಂಗೂ ಅದಕ್ಕೂ ಏನ್ ಸಂಬಂಧ?”

“ಆಂಟಿ ಅಲ್ಲಿಗೆ ಬರ್ತಾರೆ ಡಾಕ್ಟ್ರೇ.”

“ಇಲ್ಲ, ಅಮ್ಮ ಮಧ್ಯಾಹ್ನ ಲೈಬ್ರರಿಗೆ ಹೋಗ್ತಾರೆ,” ಎಂದು ಅವರು ತಿರುಗಿ ನೋಡಿದರು.

ಆಂಟಿ ಬಾಲ್ಕನಿಯಿಂದ ಒಳಗೆ ಬರುತ್ತಿದ್ದರು. “ಲೈಬ್ರರೀಲಿ ಮಾತಾಡಂಗಿಲ್ಲ ಕಣೋ,” ಎಂದರು.

ಡಾಕ್ಟರ ಮುಖ ಕೆಂಪಾಯಿತು. ನನ್ನ ಕಡೆ ಬೆರಳು ತೋರಿಸಿ ಹೇಳಿದರು: “ಇದಕ್ಕೇ ನಾನು ಹೆಸರು ಕೊಡಲ್ಲ ಅಂದಿದ್ದು. ಎಮರ್ಜೆನ್ಸೀಲಿ ಕೆಲಸ ಮಾಡ್ತೀನಿ ನಾನು. ಅಂಥ ಕಡೆ ಕೂತು ಮನೆ ಮಠ ಕಳ್ಕೊಂಡು, ಮಾತ್ರೆ ನುಂಗಿ ಬಂದವರ ಹೊಟ್ಟೆ ತೊಳೆದಿದೀನಿ. ಚಿಲ್ಲರೆ ಇಂದಾನೇ ಶುರುವಾಗೋದು ಎಲ್ರಿಗೂ. ಅಮ್ಮ ಎಲ್ಲೂ ಬರಲ್ಲ.”

ಅವರು ಹೇಳಿದ್ದು ಸುಳ್ಳಲ್ಲ, ಮೇಜಿನ ಈ ಕಡೆಯಿಂದ ಅಂಥವರನ್ನು ನಾನೂ ನೋಡಿದ್ದೆ. ಲಿಫ್ಟಿನ ಕಡೆ ತಿರುಗಿದೆ. ಪಿ.ಆರ್., ಇಂಚರಳ ಶಾಲೆ, ಸತೀಶ, ಎಲ್ಲ ಆ ಒಂದು ಬಾಗಿಲಿನ ಹಿಂದೆ ಉಳಿಯಿತು ಅನ್ನಿಸಿತು.

“ನಿಂತ್ಕೋ,” ಎಂದರು ಆಂಟಿ. “ಅವಳ ಕೈಯಲ್ಲಿ ಇಟ್ಟೋಳು ನಾನು ಮುರಳಿ. ನಾನು ಇಟ್ಟಿದ್ದಕ್ಕೆ ಅವಳು ಯಾಕೆ ಅನುಭವಿಸ್ಬೇಕು? ನಾಳೆ ನಾನೇ ಟ್ರ್ಯಾಮ್ ಹತ್ತಿ ಹೋಗ್ತೀನಿ. ನೀನು ಬಂದ್ರೂ ಸೈ, ಬರ್ದಿದ್ರೂ ಸೈ.”

ಮರುದಿನ ಲೈಸೆನ್ಸ್ ಕಚೇರಿಗೆ ಡಾಕ್ಟರು ಬರಲಿಲ್ಲ. ಆಂಟಿ ರೇಷ್ಮೆ ಸೀರೆಯುಟ್ಟು ಬಂದರು, ಶೂ ಮಾತ್ರ ಅದೇ. ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಗೋಡೆಯ ಈಚೆ ಕುರ್ಚಿಯಲ್ಲಿ ಕೂರಿಸಿದರು. ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅಧಿಕಾರಿ ಏನೋ ಕೇಳಿದರು, ಆಂಟಿ ತಲೆಯಾಡಿಸಿದರು. ಅಧಿಕಾರಿ ಮತ್ತೆ ಕೇಳಿದರು, ಆಂಟಿ ಇಲ್ಲವೆಂದು ಕೈಯಾಡಿಸಿದರು. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ? ಆಮೇಲೆ ಆಂಟಿ ಚೀಲ ತೆರೆದು ಒಂದು ಪೊಟ್ಟಣ ತೆಗೆದು ಕಣ್ಣಿಗೆ ಒತ್ತಿಕೊಂಡರು. ಬಿಚ್ಚಿ, ಒಂದು ಹರಳು ತಮ್ಮ ಬಾಯಿಗೆ ಹಾಕಿ, ಇನ್ನೊಂದನ್ನು ಅಧಿಕಾರಿಯ ಮುಂದೆ ಹಿಡಿದರು. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. ಮಾತು ನಡೆಯಿತು. ಆಂಟಿ ನೆಲ ತೋರಿಸಿ ಬೇಡ ಬೇಡವೆಂದು ಬೆರಳಾಡಿಸಿದರು. ಕೊನೆಗೆ ಅಧಿಕಾರಿ ಎದ್ದು, ಪೊಟ್ಟಣವನ್ನು ಪಾರದರ್ಶಕ ಚೀಲಕ್ಕೆ ಹಾಕಿ, ಕೋಣೆಯಲ್ಲಿ ಎಲ್ಲಕ್ಕಿಂತ ಎತ್ತರದ ಬೀರುವಿನ ಮೇಲೆ ಇಟ್ಟರು.

“ಪರೀಕ್ಷೆಗೆ ಕಳಿಸ್ತಾರಂತೆ,” ಎಂದರು ಆಂಟಿ, ವಾಪಸು ಬರುವಾಗ ಟ್ರ್ಯಾಮಿನಲ್ಲಿ. “ಕಳಿಸಿ, ಆದ್ರೆ ಕಾಲಿಗೆ ಸಿಗೋ ಕಡೆ ಇಡ್ಬೇಡಿ ಅಂದೆ. ಒಳ್ಳೆ ಮನುಷ್ಯ, ಮೇಲಿಟ್ಟ. ನಾನೇ ಕೊಟ್ಟಿದ್ದು, ಬಿಲ್ಲೆ ಅಲ್ಲ ಗಿಲ್ಲೆ ಅಲ್ಲ ಅಂತ ಸೈನೂ ಹಾಕಿದೀನಿ.”

ಆಮೇಲೆ ಕಾಯುವುದೇ ಕೆಲಸವಾಯಿತು. ಆ ವಾರಗಳಲ್ಲಿ ಅಡಿಲೇಡಿನಲ್ಲಿ ಮಳೆ ಬಿಡಲಿಲ್ಲ. ಫೋನ್ ಗುನುಗಿದರೆ ಓಡಿಹೋಗಿ ಎತ್ತುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅಧಿಕಾರಿಯೇ ಫೋನ್ ಮಾಡಿದರು. ಪೊಟ್ಟಣದಲ್ಲಿದ್ದದ್ದು ಸಕ್ಕರೆ ಮತ್ತು ಕರ್ಪೂರ. ಅಪ್ರಾಮಾಣಿಕತೆ ಇಲ್ಲ. ಕೈ ತೋರಿಸದೆ ಮೇಜು ಬಿಟ್ಟದ್ದಕ್ಕೆ ಎಚ್ಚರಿಕೆ ಮಾತ್ರ. ಸ್ವಲ್ಪ ದಿನಕ್ಕೆ ಪೂರ್ತಿ ಲೈಸೆನ್ಸೂ ಬಂತು. ಸತೀಶ ಫ್ರೀಮ್ಯಾಂಟಲ್‌ನಿಂದ ಫೋನ್ ಮಾಡಿ ಮೊದಲು ಕೇಳಿದ್ದು, “ಊಟ ಆಯ್ತಾ?”

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲಸಕ್ಕೆ ಮರಳಿದ ಮೊದಲ ವಾರವೇ, ಪಾಳಿಗೆ ಮುಂಚಿನ ಸಭೆಯಲ್ಲಿ ಶ್ಯಾರನ್ ಗೋಡೆಯ ಮೇಲೆ ಹೊಸದಾಗಿ ತಡೆ ಹಾಕಿಸಿಕೊಂಡವರ ಫೋಟೋಗಳನ್ನು ತೋರಿಸಿದಳು. ಜೂಜಿನ ಚಟದಿಂದ ಕಾಪಾಡಲು ಮನೆಯವರೇ ಅರ್ಜಿ ಕೊಟ್ಟು ತಮ್ಮವರನ್ನು ಒಳಗೆ ಬಿಡದ ಹಾಗೆ ಮಾಡಿಸಬಹುದು. ಅಂಥವರು ಕಣ್ಣಿಗೆ ಬಿದ್ದರೆ ಲೈಸೆನ್ಸ್ ಇರುವ ಪ್ರತಿಯೊಬ್ಬರೂ ಆ ಕ್ಷಣವೇ ಕೈ ಎತ್ತಿ ತಿಳಿಸಬೇಕು. ತಿಳಿಸದಿದ್ದರೆ ಲೈಸೆನ್ಸಿಗೇ ಸಂಚಕಾರ. ಮೂರನೆಯ ಫೋಟೋ ನಾಗರತ್ನ ಆಂಟಿಯದು. ಅರ್ಜಿ ಕೊಟ್ಟವರು ಯಾರೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಇನ್ನು ಅವರು ಬಾರದಿರಲಿ ದೇವರೇ ಎಂದು ಬೇಡಿಕೊಂಡೆ. ಬಂದರು. ಅದೇ ಮಧ್ಯಾಹ್ನದ ಟ್ರ್ಯಾಮು, ಅದೇ ಕೊಡೆ. ಬಾಗಿಲಿನವರು ಹೇಗೆ ನೋಡಲಿಲ್ಲವೋ ಕಾಣೆ. ಹಾಲಿನ ಆ ತುದಿಯಿಂದ ನೇರ ನನ್ನ ಮೇಜಿಗೆ ನಡೆದು ಬಂದರು. ಶ್ಯಾರನ್ ಆಚೆ ಮೇಜಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಮೆಲ್ಲಗೆ ಕನ್ನಡದಲ್ಲಿ ‘ಹೋಗಿಬಿಡಿ ಆಂಟಿ’ ಎಂದರೆ ಸಾಕಿತ್ತು, ಕೆಳಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನವರಿಗೆ ತಿಳಿಯುತ್ತಿತ್ತು. ನನ್ನ ಕೈ ಮೇಜಿಗೆ ಅಂಟಿದ ಹಾಗಾಗಿತ್ತು.

“ಮುರಳಿ ನನ್ನ ಫೋಟೋ ಕೊಟ್ಟಿದಾನಂತಲ್ಲ. ಯಾವ ಫೋಟೋ ಕೊಟ್ಟ? ಮೂಗುಬೊಟ್ಟು ಇರೋದು ತಾನೇ?” ಎಂದರು.

“ಆಂಟಿ...” ಎಂದೆ.

ಅವರು ನನ್ನ ಎದೆಯ ಮೇಲಿನ ಕಾರ್ಡು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ನಗು ನಿಂತಿತು.

“ಕೈ ಎತ್ತಬೇಕಾ ನೀನು?”

ತಲೆಯಾಡಿಸಿದೆ.

“ಮತ್ತೆ ಎತ್ತು. ನಿನ್ ಲೈಸೆನ್ಸಿಗೆ ಸಾಕ್ಷಿ ಹೇಳಿದ್ದು ನಾನು. ನಾನೇ ಅದನ್ನ ಕಳೀಲಾ? ಎತ್ತೇ ಕೈ.”

ಎತ್ತಿದೆ. ಶ್ಯಾರನ್ ತಿರುಗಿದಳು. ಬಂದು ಆಂಟಿಯ ಮೊಣಕೈ ಹಿಡಿದು, ಕೊಡೆ ತಾನು ತೆಗೆದುಕೊಂಡು, ಮನೆಯ ಹಿರಿಯರನ್ನು ಕರೆದೊಯ್ಯುವ ಹಾಗೆ ನಿಧಾನವಾಗಿ ನಡೆಸಿಕೊಂಡು ಹೋದಳು. ಆಂಟಿ ತಿರುಗಿ ನೋಡಲಿಲ್ಲ. ನಾನು ನಿಯಮದಂತೆ ಚಪ್ಪಾಳೆ ತಟ್ಟಿ ಅಂಗೈ ಮೇಲೆ ಕೆಳಗೆ ಮಾಡಿ ಚಾವಣಿಗೆ ತೋರಿಸಿದೆ. ಎರಡೂ ಕೈ ಖಾಲಿ ಇದ್ದವು. ಆ ಗಳಿಗೆಯಷ್ಟು ಆ ಕೆಲಸವನ್ನು ನಾನು ಯಾವತ್ತೂ ದ್ವೇಷಿಸಿಲ್ಲ.

ಮುಂದಿನ ರಜಾದಿನ ಗ್ಲೆನೆಲ್ಗ್ ಟ್ರ್ಯಾಮ್ ಹತ್ತಿದೆ. ಅಂಗಡಿಯೊಂದರಲ್ಲಿ ಕೊಂಡಿದ್ದ ಕವಡೆಗಳು ಚೀಲದಲ್ಲಿದ್ದವು, ಸಮುದ್ರ ತೀರದ ಊರು, ಅದಕ್ಕೇನು ಬರ. ಬಾಗಿಲು ತೆಗೆದ ಡಾಕ್ಟರು ನನ್ನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಲ್ಕನಿಯ ನೆಲದ ಮೇಲೆ ಆಂಟಿಯೇ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ನಾಲ್ಕು ಸಲ ಕವಡೆ ಉರುಳಿಸುವಷ್ಟರಲ್ಲಿ ನನ್ನ ಎರಡು ಕಾಯಿ ಕಡಿದು ಹಾಕಿದ್ದರು. ಅವರ ಕವಡೆ ಮೊಂಡಾಡಿದರೆ ಬೈಗುಳವೂ ಶುರು. ಒಳಗಿನಿಂದ ಡಾಕ್ಟರು ನಕ್ಕದ್ದು ಕೇಳಿಸಿತು.

ಆಟ ಮುಗಿದಾಗ ಆಂಟಿ, “ಕೈ ತೋರ್ಸು,” ಎಂದರು.

ಅಭ್ಯಾಸಬಲ. ಚಪ್ಪಾಳೆ ತಟ್ಟಿದೆ, ಬೆರಳು ಅಗಲಿಸಿದೆ, ಅಂಗೈ ಹಿಂದೆ ಮುಂದೆ ಮಾಡಿದೆ.

“ಅಯ್ಯೋ ಹುಚ್ಚಿ, ಖಾಲಿ ಕೈ ನೋಡೋಕೆ ಯಾರು ಕೇಳಿದ್ರು? ಹಿಡಿ ಅಂದೆ,” ಎಂದು ಅವರು ಪೊಟ್ಟಣ ಬಿಚ್ಚಿದರು.

ಬಲಗೈ ಹಿಡಿದೆ. ಕಲ್ಲುಸಕ್ಕರೆ ಇಟ್ಟರು. ಕಣ್ಣಿಗೆ ಒತ್ತಿಕೊಂಡೆ, ಬಾಯಿಗೆ ಹಾಕಿಕೊಂಡು ಗಟ್ಟಿಯಾಗಿ ಕಡಿದೆ. ಮೇಲೆ ಬರೀ ಆಕಾಶವಿತ್ತು.